ದೊಡ್ಡ ಸ್ವಾಮಿಯವರೆನಿಸಿಕೊಂಡ ಅಬ್ಬೆ ದುಬ್ವಾ ಅವರ ಚರಿತ್ರೆ

ನಮ್ಮ ಕೆ. ಹೊಸಕೋಟೆಯ ಗುಡ್ಡಗಳಿಂದಿಳಿದು, ಆಲೂರನ್ನು ದಾಟಿ ಹಾಸನದ ಬಯಲಿಗೆ ಬಂದರೆ, ಆ ಪಟ್ಟಣದ ಆಸುಪಾಸಿನಲ್ಲಿ ಸಾತಳ್ಳಿ ಎಂಬ ಗ್ರಾಮವಿರುವದು. ಅಲ್ಲಿನ ಬೇಸಾಯಗಾರರಲ್ಲಿ ಬಹು ಮಂದಿ ರೋಮನ್ ಕಥೋಲಿಕ ಸಭೆಗೆ ಸೇರಿದವರು. ಎರಡು ನೂರು ವರುಷಗಳಿಗಿಂತ ಹಿಂದೆ ಇವರ ಹಿರಿಯರನ್ನು ಅಲ್ಲಿ ನೆಲೆಗೊಳಿಸಿ, ಉಳುವದಕ್ಕೆ ನೆಲವನ್ನು ಒದಗಿಸಿದವರು ಫ್ರಾನ್ಸ್ ದೇಶದಿಂದ ಬಂದ ಒಬ್ಬ ಗುರುಗಳು. ಅವರ ಹೆಸರು ಜಾನ್ ಅಂತುವಾನ್ ದುಬ್ವಾ. ಲೋಕವು ಅವರನ್ನು ಅಬ್ಬೆ ದುಬ್ವಾ ಎಂದು ತಿಳಿದಿದೆ. ಅಬ್ಬೆ ಎಂಬದು ಅವರ ದೇಶದಲ್ಲಿ ಗುರುಗಳಿಗೆ ಸಲ್ಲುವ ಮರ್ಯಾದೆಯ ಮಾತು. ಅವರ ಸಭೆಯೂ ನಮ್ಮ ಸಭೆಯೂ ಬೇರೆ ಬೇರೆ ಎಂಬದನ್ನು ವಾಚಕರು ಬಲ್ಲರು. ಅವರ ಕೆಲವು ಅಭಿಪ್ರಾಯಗಳನ್ನು ನಾವು ಒಪ್ಪಲಾರೆವೆಂಬದೂ ಮುಂದೆ ತಿಳಿದುಬರುವದು. ಹೀಗಿದ್ದರೂ ಅವರ ಚರಿತ್ರೆಯನ್ನು ಇಲ್ಲಿ ಬರೆಯುವದಕ್ಕೆ ಕಾರಣವುಂಟು. ದೇಹದ ಸ್ವಸ್ಥತೆಗೂ ಮನುಷ್ಯನ ಭಕ್ತಿಗೂ ಇರುವ ಸಂಬಂಧವು ನಮ್ಮ ಹಳ್ಳಿಗಳ ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ. ಆ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿಯೇ ಕೈಯಾರೆ ಮುಟ್ಟಿ ನೋಡಿದವರಲ್ಲಿ ಇವರು ಮೊದಲಿಗರು.

ದುಬ್ವಾ ಅವರು 1766ರ ಸುಮಾರಿಗೆ ಫ್ರಾನ್ಸ್ ದೇಶದ ತೆಂಕಣ ಭಾಗದ ಆರ್ದೆಶ್ ಸೀಮೆಯಲ್ಲಿ, ಸೆಂ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1792ರಲ್ಲಿ ಅವರಿಗೆ ಗುರುಪಟ್ಟವಾಯಿತು. ಆ ವರುಷವೆಂದರೆ ಫ್ರಾನ್ಸಿನಲ್ಲಿ ಮಹಾ ಕ್ರಾಂತಿಯು ಉರಿಯುತ್ತಿದ್ದ ಕಾಲ. ಅರಸನು ಪದಚ್ಯುತನಾಗುತ್ತಿದ್ದನು, ಗುರುಗಳು ಸೆರೆಮನೆಗೆ ನೂಕಲ್ಪಡುತ್ತಿದ್ದರು, ಅನೇಕರು ಕೊಲ್ಲಲ್ಪಟ್ಟರು. ಈ ತರುಣ ಗುರುಗಳು ಪ್ಯಾರಿಸಿನ ಪರದೇಶ ಮಿಶನ್ ಸಂಘಕ್ಕೆ ಸೇರಿ, ಅದೇ ವರುಷದಲ್ಲಿ ಹಡಗನ್ನು ಹತ್ತಿ ಹಿಂದೂಸ್ಥಾನಕ್ಕೆ ಹೊರಟರು. ಪುದುಚ್ಚೇರಿಗೆ ಬಂದು, ಕೆಲವು ವರುಷ ಮದ್ರಾಸಿನ ತೆಂಕಣ ಜಿಲ್ಲೆಗಳಲ್ಲಿ ಕೆಲಸಮಾಡಿದರು. ತಿರುಗಿ ತಾಯ್ನಾಡಿನ ಮುಖವನ್ನು ನೋಡುವಷ್ಟರಲ್ಲಿ ಮೂವತ್ತು ವರುಷಗಳಿಗಿಂತ ಹೆಚ್ಚಾಗಿದ್ದವು.

ಬಂದ ಮೊದಲಲ್ಲಿಯೇ ಅವರು ಒಂದು ನಿಶ್ಚಯವನ್ನು ಮಾಡಿಕೊಂಡರು. ಈ ದೇಶದ ಜನರ ಹೃದಯವನ್ನು ಹೊಕ್ಕು ನೋಡಬೇಕಾದರೆ ಅವರಂತೆಯೇ ಉಡಬೇಕು, ಅವರಂತೆಯೇ ಉಣ್ಣಬೇಕು, ಅವರ ಮರ್ಯಾದೆಗಳನ್ನು ಎಲ್ಲಿಯೂ ಮೀರಬಾರದು. ಆದಕಾರಣ ತಲೆಗೆ ರುಮಾಲನ್ನು ಸುತ್ತಿ, ಉದ್ದವಾದ ಬಿಳಿಯ ನಿಲುವಂಗಿಯನ್ನು ತೊಟ್ಟು, ಕೈಯಲ್ಲಿ ಕೋಲನ್ನು ಹಿಡಿದು ತಿರುಗಿದರು. ಬಹು ಕಾಲ ಮಾಂಸಾಹಾರವನ್ನು ಬಿಟ್ಟಿದ್ದರು. ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಅವರ ಚಿತ್ರದಲ್ಲಿ ಈ ವೇಷವನ್ನು ಕಾಣಬಹುದು. ಎಲ್ಲಾ ಜಾತಿಯವರೂ ತಮ್ಮನ್ನು ಬಾಗಿಲಲ್ಲಿ ತಡೆಯದೆ ಬರಮಾಡಿಕೊಳ್ಳುತ್ತಿದ್ದರೆಂದು ಅವರು ತರುವಾಯ ಬರೆದಿದ್ದಾರೆ. ಜನರ ಎಷ್ಟೋ ಪದ್ಧತಿಗಳನ್ನು ಕಂಡು ಒಳಗೆ ತಮಗೆ ಅಸಹ್ಯವಾಗುತ್ತಿದ್ದಾಗ್ಯೂ ಅದನ್ನು ಹೊರಗೆ ತೋರಿಸಲಿಲ್ಲವೆಂದೂ ಅವರೇ ಹೇಳಿಕೊಂಡಿದ್ದಾರೆ. ಇದು ಪ್ರೀತಿಯೋ ಉಪಾಯವೋ ಎಂದು ವಾಚಕರು ಕೇಳಬಹುದು. ಅಪೊಸ್ತಲನಾದ ಪೌಲನು ಯೆಹೂದ್ಯರಿಗೆ ಯೆಹೂದ್ಯನಂತೆ ಆದದ್ದುಂಟು. ಆದರೆ ಆತನು ಅವರನ್ನು ಒಳಗೊಳಗೆ ಹೀನೈಸಿದನೆಂದು ನಾವು ಓದುವದಿಲ್ಲ. ದುಬ್ವಾ ಅವರಲ್ಲಿ ಈ ಎರಡೂ ಒಟ್ಟಿಗೆ ವಾಸಮಾಡಿದವು. ಅವರ ಬಾಳಿನ ಬೆಳಕೂ ನೆರಳೂ ಇಲ್ಲಿಂದಲೇ ಹುಟ್ಟಿದವೆಂದು ನಮಗೆ ತೋರುತ್ತದೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಸುಲ್ತಾನನ ಆಳಿಕೆಯಲ್ಲಿ ಕೆನರಾ ಸೀಮೆಯಿಂದ ಸಾವಿರಾರು ಕ್ರೈಸ್ತರು 1784ರಲ್ಲಿ ಹಿಡಿದು ತರಲ್ಪಟ್ಟಿದ್ದರು. ಅನೇಕರು ಬಲಾತ್ಕಾರದಿಂದ ಮತಾಂತರ ಮಾಡಲ್ಪಟ್ಟಿದ್ದರು. ಕೋಟೆ ಬಿದ್ದ ಮೇಲೆ ಉಳಿದವರು ಕುರುಬನಿಲ್ಲದ ಕುರಿಗಳಂತೆ ಚದರಿಹೋಗಿದ್ದರು. ಆಗ ಶ್ರೀರಂಗಪಟ್ಟಣದಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಶಿಫಾರಸಿನಿಂದ ದುಬ್ವಾ ಅವರು ಮೈಸೂರು ಸೀಮೆಗೆ ಕರೆಯಲ್ಪಟ್ಟರು. ಊರೂರಿಗೆ ನಡೆದು, ಚದರಿದವರನ್ನು ಕೂಡಿಸಿ, ತಿರುಗಿ ಸಭೆಗೆ ಸೇರಿಸಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಹಳೆಯ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಈ ಕ್ರೈಸ್ತರ ವಿಷಯವಾಗಿ ದುಬ್ವಾ ಅವರು ಮುಂದೊಂದು ಕಾಲ ಕಠಿಣವಾದ ದೂರನ್ನು ಬರೆದರು. ಅಷ್ಟು ಜನರಲ್ಲಿ ನಂಬಿಕೆಗೋಸ್ಕರ ಪ್ರಾಣಕೊಡುವ ಧೈರ್ಯವು ಒಬ್ಬನಿಗಾದರೂ ಬರಲಿಲ್ಲವಲ್ಲಾ ಎಂಬದು ಅವರ ಸಂಕಟ. ಕ್ರಾಂತಿಯ ಕತ್ತಿಯಿಂದ ಸಮುದ್ರದ ಮೇಲೆ ತಪ್ಪಿಸಿಕೊಂಡು ಬಂದವರು, ತಪ್ಪಿಸಿಕೊಳ್ಳುವದಕ್ಕೆ ಹಡಗೇ ಇಲ್ಲದವರ ಮೇಲೆ ಈ ತೀರ್ಪನ್ನು ಕೊಟ್ಟರೆಂಬದು ನಮ್ಮ ಮನಸ್ಸಿಗೆ ನೋವುಂಟುಮಾಡುತ್ತದೆ. ಪೇತ್ರನು ಬೆಂಕಿಯ ಬಳಿಯಲ್ಲಿ ಏನು ಮಾಡಿದನೆಂಬದು ನಮಗೆಲ್ಲಾ ಗೊತ್ತಲ್ಲವೇ?

ಆದರೆ ಬರೆದ ಮಾತಿಗಿಂತ ಮಾಡಿದ ಕೆಲಸವು ಕರುಣೆಯುಳ್ಳದ್ದಾಗಿತ್ತು. ತಿರುಗಿ ಬಂದವರಲ್ಲಿ ಬಹಳ ಮಂದಿಗೆ ಮನೆಯಿಲ್ಲ, ಹೊಲವಿಲ್ಲ. ಬಂಧುಗಳೂ ಹತ್ತಿರ ಸೇರಿಸರು. ಇಂಥವರಿಗೆ ಪ್ರಸಂಗ ಮಾತ್ರ ಸಾಲದೆಂದು ಅವರು ಕಂಡುಕೊಂಡರು. ಹೀಗಿರಲಾಗಿ ನಿರ್ಗತಿಕರಿಗೋಸ್ಕರ ಬೇಸಾಯದ ಊರುಗಳನ್ನು ಕಟ್ಟಿದರು. ಅವುಗಳಲ್ಲಿ ಮುಖ್ಯವಾದದ್ದು ಸಾತಳ್ಳಿ. ನೇಗಿಲನ್ನು ಹಿಡಿದು ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುವವನು ಎರಡನೆಯ ಸಾರಿ ಯಾರ ಬೆದರಿಕೆಗೂ ಬಗ್ಗನೆಂಬದು ಅದರ ತಾತ್ಪರ್ಯವಾಗಿರಬೇಕು. ಹಾಸನ ಸೀಮೆಯಲ್ಲಿ ಕಥೋಲಿಕ ಸಭೆಯು ಬೇರೂರಿದ್ದು ಹೀಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ದೇಶದ ಗುರುಗಳು ಹೇಮಾವತಿಯ ದಡದಲ್ಲಿ, ಶೆಟ್ಟಿಹಳ್ಳಿಯಲ್ಲಿ, ದೊಡ್ಡ ದೇವಾಲಯವನ್ನು ಕಟ್ಟಿದರು. ಗೊರೂರು ಅಣೆಕಟ್ಟಿನ ನೀರು ಬಂದ ಮೇಲೆ ಅದು ಮಳೆಗಾಲದಲ್ಲಿ ಮುಳುಗುತ್ತಾ ಬೇಸಿಗೆಯಲ್ಲಿ ಮೇಲೇಳುತ್ತಾ ನಿಂತಿರುವದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ.

ಈಗ ನಾವು ಮುಖ್ಯವಾದ ಸಂಗತಿಗೆ ಬರುತ್ತೇವೆ. ಆ ಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಗಳಿಗೆ ಸಿಡುಬಿಗಿಂತ ದೊಡ್ಡ ಭಯವಿರಲಿಲ್ಲ. ಹುಲಿ ಬಂದರೆ ಒಂದು ದನವನ್ನು ಹಿಡಿಯುವದು. ಸಿಡುಬು ಬಂದರೆ ಒಂದು ಬೀದಿಯನ್ನೇ ಬರಿದುಮಾಡುವದು. ಬದುಕಿ ಉಳಿದವರಲ್ಲಿಯೂ ಕೆಲವರ ಕಣ್ಣು ಹೋಗುತ್ತಿತ್ತು, ಮುಖವೆಲ್ಲಾ ಕುಳಿಬೀಳುತ್ತಿತ್ತು. ಜನರು ಇದನ್ನು ರೋಗವೆಂದು ಕರೆಯುತ್ತಲೇ ಇರಲಿಲ್ಲ; ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದರು. ಮಗುವಿನ ಮೈಯೇ ಮಾರಿಯ ಗುಡಿಯಾದಂತೆ ಎಣಿಸಿ, ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟಿ, ಒಗ್ಗರಣೆಯ ವಾಸನೆಯೇಳದಂತೆ ಅಡಿಗೆಮಾಡಿ, ಮಡಿಯಿಂದ ಕಾಯುತ್ತಿದ್ದರು. ಔಷಧವನ್ನು ಕೊಟ್ಟರೆ ಅಮ್ಮನಿಗೆ ಕೋಪ ಬರುವದೆಂದು ವೈದ್ಯನನ್ನು ಕರೆಯುತ್ತಿರಲಿಲ್ಲ. ಬೇನೆಯು ಊರೆಲ್ಲಾ ಹಬ್ಬಿದರೆ ಹಬ್ಬವನ್ನು ಮಾಡಿ, ಬಲಿಯನ್ನು ಕೊಟ್ಟು, ಮಾರಿಯನ್ನು ಊರಿನ ಗಡಿಯನ್ನು ದಾಟಿಸುತ್ತಿದ್ದರು. ಗಡಿಯ ಆಚೆಗಿನ ಊರಿನವರು ಅದನ್ನು ಇನ್ನೊಂದು ಗಡಿಗೆ ಸಾಗಿಸುತ್ತಿದ್ದರು.

ಇದನ್ನು ಓದಿ ನಗುವದು ಸುಲಭ. ನಾವು ನಗಲಾರೆವು. ಮದ್ದೇ ಇಲ್ಲದ ಬೇನೆಯ ಮುಂದೆ ಮನುಷ್ಯನು ಭಯಭಕ್ತಿಯಿಂದ ನಿಂತದ್ದರಲ್ಲಿ ಆಶ್ಚರ್ಯವೇನಿದೆ? ರೋಗಿಯನ್ನು ಬೇರೆಯಾಗಿ ಇಟ್ಟದ್ದರಿಂದಲೂ, ಹೊರಗಿನವರನ್ನು ಮನೆಯೊಳಗೆ ಬಿಡದೆ ಇದ್ದದರಿಂದಲೂ, ಮೈಗೆ ತಂಪನ್ನು ಕೊಟ್ಟದ್ದರಿಂದಲೂ ಕೆಲವರಿಗಾದರೂ ಉಪಕಾರವಾಗಿದ್ದೀತು. ಕಾಯುವ ತಾಯಿಯು ಹೆದರಿ ಓಡಿಹೋಗದೆ ಮಗುವಿನ ಹತ್ತಿರ ಕೂತದ್ದು, ಅದರಲ್ಲಿ ಅಮ್ಮನಿದ್ದಾಳೆಂದು ನಂಬಿದ್ದರಿಂದಲೇ. ಆ ನಂಬಿಕೆಯಿಂದ ಬಂದ ಹಾನಿಯೂ ದೊಡ್ಡದು; ಮದ್ದು ಸಿಕ್ಕಿದ ದಿನದಲ್ಲಿಯೂ ಅದನ್ನು ಬಾಗಿಲಲ್ಲಿಯೇ ನಿಲ್ಲಿಸಿದ್ದು ಅದೇ ನಂಬಿಕೆ.

ಆ ಮದ್ದು ಸಿಕ್ಕಿದ ಬಗೆಯನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ಒಬ್ಬ ಸಭಾಪಾಲಕರ ಮಗನಾಗಿ ಹುಟ್ಟಿದ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು, ಆಕಳ ಕೆಚ್ಚಲಿನಿಂದ ಕೈಗೆ ಗುಳ್ಳೆ ತಗಲಿಸಿಕೊಂಡ ಹಾಲುಕರೆಯುವ ಹೆಂಗಸರಿಗೆ ಸಿಡುಬು ಬರುವದಿಲ್ಲವೆಂಬ ಹಳ್ಳಿಯ ಮಾತನ್ನು ಕಿವಿಗೊಟ್ಟು ಕೇಳಿದನು. 1796ರ ಮೇ 14ರಂದು ಅಂಥ ಗುಳ್ಳೆಯ ಕೀವನ್ನು ಎಂಟು ವರುಷದ ಹುಡುಗನೊಬ್ಬನ ತೋಳಿಗೆ ಹಾಕಿ ಪರೀಕ್ಷಿಸಿದನು; 1798ರಲ್ಲಿ ಅದನ್ನು ಅಚ್ಚುಹಾಕಿಸಿ ಲೋಕಕ್ಕೆ ತಿಳಿಸಿದನು. ಹಿಂದೂಸ್ಥಾನಕ್ಕೆ ಅದನ್ನು ತರುವದು ಮಾತ್ರ ಬಹು ಪ್ರಯಾಸವಾಯಿತು. ನೂಲಿಗೆ ಹಚ್ಚಿ ಒಣಗಿಸಿ ಕಳುಹಿಸಿದರೆ ದಾರಿಯ ಸೆಕೆಗೆ ಅದರ ಸತ್ವವು ಹೋಗುತ್ತಿತ್ತು. ಕಡೆಗೆ ಬಾಗ್ದಾದು, ಬಸ್ರಾ ಊರುಗಳ ಮಾರ್ಗವಾಗಿ ಬಂದದ್ದು ಬೊಂಬಾಯಿಯಲ್ಲಿ ಹಿಡಿಯಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಹೆಣ್ಣುಮಗುವಿನ ತೋಳಿನಲ್ಲಿ ಅದು ಸರಿಯಾಗಿ ಎದ್ದಿತು. ಆ ಮಗುವಿನ ತೋಳಿನಿಂದ ಇನ್ನೊಂದು ಮಗುವಿಗೆ, ಆ ಮಗುವಿನಿಂದ ಮತ್ತೊಂದಕ್ಕೆ, ಹೀಗೆ ವಾರಕ್ಕೊಂದು ಮಗುವಿನ ಲೆಕ್ಕದಲ್ಲಿ ಅದು ಘಟ್ಟವನ್ನು ಹತ್ತಿ, ಹೊಳೆಗಳನ್ನು ದಾಟಿ, ಊರಿಂದೂರಿಗೆ ಸಾಗಿತು. ದೀಪದಿಂದ ದೀಪವನ್ನು ಹಚ್ಚಿದ ಹಾಗೆ ಇದನ್ನು ಸಾಗಿಸಬೇಕಾಗಿತ್ತು. ಎಂಟನೆಯ ದಿನಕ್ಕೆ ಇನ್ನೊಂದು ತೋಳು ಸಿಕ್ಕದೆ ಹೋದರೆ ದೀಪವು ಆರಿತು.

ಮೈಸೂರಿನ ಹಳ್ಳಿಗಳಲ್ಲಿ ಈ ತೋಳುಗಳನ್ನು ಹುಡುಕಿದವರಲ್ಲಿ ಅಬ್ಬೆ ದುಬ್ವಾ ಅವರು ಮುಂದಾಳುಗಳು. ಅವರ ಮುಂದೆ ಇದ್ದ ಅಡ್ಡಿಗಳನ್ನು ಎಣಿಸಿ ನೋಡೋಣ. ಅಮ್ಮನ ಕೋಪದ ಭಯ ಒಂದು. ಪರಂಗಿಯವರು ಮಕ್ಕಳ ಮೈಗೆ ಏನನ್ನೋ ಸೇರಿಸಿ ಗುರುತುಹಾಕುತ್ತಾರೆಂಬ ಸಂಶಯ ಮತ್ತೊಂದು. ಸುಲ್ತಾನನ ಕಾಲದ ಬಲಾತ್ಕಾರವನ್ನು ಕಂಡ ಜನರಿಗೆ ಮೈಯ ಮೇಲಿನ ಗುರುತು ಎಂಬ ಮಾತೇ ನಡುಕವನ್ನು ಹುಟ್ಟಿಸಿರಬೇಕು. ಇವೆರಡಕ್ಕಿಂತ ಆಳವಾದದ್ದು ಜಾತಿ. ಯಾವ ಮಗುವಿನ ತೋಳಿನಿಂದ ತೆಗೆದದ್ದು ಯಾವ ಮಗುವಿನ ತೋಳಿಗೆ? ಒಂದೇ ಬಾವಿಯ ನೀರನ್ನು ಸೇದಗೊಡದವರು, ಒಬ್ಬರ ಮೈಯ ರಸವನ್ನು ಇನ್ನೊಬ್ಬರ ಮೈಯೊಳಕ್ಕೆ ಹೇಗೆ ಬಿಟ್ಟಾರು?

ಈ ಬಾಗಿಲನ್ನು ಕಂಪನಿಯ ಹುಕುಮಿನಿಂದ ತೆರೆಯುವದು ಸುಲಭವಾಗಿರಲಿಲ್ಲ. ಜನರು ಸರಕಾರದ ಸರ್ಜನನನ್ನು ಕಂಡರೆ ಮಕ್ಕಳನ್ನು ಹಿತ್ತಿಲಿಗೆ ಅಟ್ಟುವವರು. ತಮ್ಮಂತೆ ಉಟ್ಟು, ತಮ್ಮಂತೆ ಉಂಡು, ತಮ್ಮ ಮಾತಿನಲ್ಲಿ ದೇವರನ್ನು ಕುರಿತು ಹೇಳುವ ಸ್ವಾಮಿಯವರು ಜಗಲಿಯ ಮೇಲೆ ಕೂತುಕೊಂಡು ಹೇಳಿದರೆ ಕಿವಿಗೊಡುವವರು. ಅಮ್ಮನ ವಿಷಯವು ದೇವರ ವಿಷಯವಾಗಿದ್ದದರಿಂದ ಅದರಲ್ಲಿ ಬುದ್ಧಿಹೇಳುವ ಅಧಿಕಾರವು ವೈದ್ಯನಿಗಿಲ್ಲ, ಗುರುವಿಗೆ ಉಂಟು ಎಂಬದು ಜನರ ಎಣಿಕೆ. 1803 ಮತ್ತು 1804ನೆಯ ವರುಷಗಳಲ್ಲಿ ಅವರ ಲೆಕ್ಕಕ್ಕೆ 25,432 ಮಂದಿಗೆ ಮೈಲಿ ಹಾಕಿದ್ದಾಗಿ ದಾಖಲೆಯಾಗಿದೆ. ಜೆನ್ನರನು ಅಚ್ಚುಹಾಕಿಸಿ ಆರು ವರುಷವೂ ತುಂಬಿರದ ಆ ಕಾಲದಲ್ಲಿ, ರಸ್ತೆಯಿಲ್ಲದ ಈ ಸೀಮೆಯಲ್ಲಿ, ಎತ್ತಿನ ಗಾಡಿಯ ನಡೆಯಲ್ಲಿ ಇಷ್ಟು ತೋಳುಗಳು! ಅರಮನೆಯೂ ಹಿಂದೆ ಬೀಳಲಿಲ್ಲ. ಅದೇ ಹಿಕಿ 1805ರಲ್ಲಿ ಬರೆದ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬರು ಸೆರಗನ್ನು ಸರಿಸಿ ತೋಳನ್ನು ತೋರಿಸುವದು ಮೈಲಿ ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತಿಳಿಸುವದಕ್ಕೆ ಎಂದು ಕೆಲವು ಚರಿತ್ರೆಗಾರರು ಹೇಳುತ್ತಾರೆ.

ಇಲ್ಲಿ ನಾವು ಸ್ವಲ್ಪ ನಿಂತು ಒಂದು ಮಾತನ್ನು ಹೇಳುವದಕ್ಕೆ ಅಪ್ಪಣೆಯಾಗಲಿ. ನಮ್ಮ ಸಭೆಗಳಲ್ಲಿ ಕೆಲವರು, ಪ್ರಾರ್ಥನೆಯಿದ್ದ ಮೇಲೆ ಆಸ್ಪತ್ರೆ ಯಾಕೆ ಎನ್ನುವರು. ಮತ್ತೆ ಕೆಲವರು ಆದಿತ್ಯವಾರ ದೇವಾಲಯಕ್ಕೆ ಬಂದು, ಸೋಮವಾರ ಕತ್ತಲಾದ ಮೇಲೆ ತಾಯತ ಕಟ್ಟಿಸುವದಕ್ಕೆ ಹೋಗುವರು. 2021ರಲ್ಲಿ ಕೊರೊನಾದ ಚುಚ್ಚುಮದ್ದು ಹಳ್ಳಿಗಳಿಗೆ ಬಂದಾಗ ಎಷ್ಟು ಬಗೆಯ ಮಾತುಗಳು ಹುಟ್ಟಿದವೆಂಬದು ಇನ್ನೂ ಮರೆತುಹೋಗಿಲ್ಲ. ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಗೋಡೆಯ ಕಡೆಗೆ ಮುಖವನ್ನು ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಆ ಪ್ರಾರ್ಥನೆಯನ್ನು ಕೇಳಿದ ಮೇಲೆಯೂ ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು. ಪ್ರಾರ್ಥನೆಯು ಅಂಜೂರವನ್ನು ತಳ್ಳಲಿಲ್ಲ. ಸುವಾರ್ತಿಕನಾದ ಲೂಕನು ವೈದ್ಯನಾಗಿದ್ದನೆಂಬದನ್ನೂ ವಾಚಕರು ಬಲ್ಲರು.

ಆತ್ಮವನ್ನು ಮರೆತು ದೇಹಕ್ಕೆ ಮಾತ್ರ ಮದ್ದು ಮಾಡಲು ಹೋದರೆ ಏನಾಗುವದೆಂಬದಕ್ಕೆ ದೂರದ ಶಾಂತಸಾಗರದ ದ್ವೀಪಗಳಲ್ಲಿ ದೃಷ್ಟಾಂತವುಂಟು. ಫಿಜಿ ದ್ವೀಪಗಳು 1874ರಲ್ಲಿ ಬ್ರಿಟಿಷರಿಗೆ ಒಪ್ಪಿಸಲ್ಪಟ್ಟವು. ಮರುವರುಷವೇ ಸಿಡ್ನಿಗೆ ಹೋಗಿ ಬಂದ ಅರಸನ ಹಡಗಿನೊಂದಿಗೆ ದಡಾರವು ಅಲ್ಲಿಗೆ ಬಂದು, ಸುಮಾರು 40,000 ಜನರನ್ನು ಕೊಂಡೊಯ್ಯಿತು. ಅದು ಅಲ್ಲಿದ್ದ ಜನರಲ್ಲಿ ಹೆಚ್ಚುಕಡಿಮೆ ಕಾಲುಪಾಲು. ಹಳೆಯ ದೇವರುಗಳನ್ನು ಬಿಟ್ಟದ್ದಕ್ಕೆ ಬಂದ ಶಿಕ್ಷೆ ಇದೆಂದು ಗುಡ್ಡಗಾಡಿನವರಲ್ಲಿ ಅನೇಕರು ಎಣಿಸಿ, ಹೊಸದಾಗಿ ಹಿಡಿದಿದ್ದ ಕ್ರೈಸ್ತಮತವನ್ನು ಬಿಟ್ಟು, 1876ರಲ್ಲಿ ದಂಗೆಯೆದ್ದರು. ಅದಕ್ಕೂ ಹಿಂದೆ, 1861ರಲ್ಲಿ, ಎರೊಮಾಂಗ ದ್ವೀಪದಲ್ಲಿ ಇದೇ ದಡಾರವನ್ನು ತಂದವರೆಂಬ ತಪ್ಪು ಹೊರಿಸಲ್ಪಟ್ಟು ಮಿಶನರಿಯಾದ ಜಾರ್ಜ್ ಗಾರ್ಡನ್ ಅವರೂ ಅವರ ಪತ್ನಿಯೂ ಕೊಲ್ಲಲ್ಪಟ್ಟರು. ಆ ದ್ವೀಪದವರಿಗೆ ರೋಗವೆಂದರೆ ಮೈಯ ಕೇಡು ಮಾತ್ರವಲ್ಲ. ದೇವರು, ಹಿರಿಯರು, ಕುಟುಂಬ, ಭೂಮಿ ಇವುಗಳೊಂದಿಗೆ ಇದ್ದ ಸಂಬಂಧವು ಕೆಟ್ಟದ್ದರ ಗುರುತು. ಇಂದು ಅವರ ಮಕ್ಕಳಲ್ಲಿಯೇ ವೈದ್ಯರಾದವರು ಈ ಮಾತನ್ನು ತಳ್ಳಿಹಾಕದೆ ಕೈಗೆತ್ತಿಕೊಂಡಿದ್ದಾರೆ. ನ್ಯೂಜಿಲೆಂಡಿನ ಮಾವೊರಿ ವೈದ್ಯರಾದ ಮೇಸನ್ ಡ್ಯೂರಿಯವರು 1980ರ ದಶಕದಲ್ಲಿ ಮನುಷ್ಯನ ಸ್ವಸ್ಥತೆಯನ್ನು ನಾಲ್ಕು ಗೋಡೆಗಳ ಮನೆಗೆ ಹೋಲಿಸಿದರು. ದೇಹವು ಒಂದು ಗೋಡೆ, ಮನಸ್ಸು ಒಂದು, ಕುಟುಂಬವು ಒಂದು, ಆತ್ಮವು ಒಂದು. ಸಮೋವ ಮೊದಲಾದ ದ್ವೀಪಗಳವರು ತಮ್ಮ ಊರಿನ ಮನೆಯ ಮಾದರಿಯಿಂದ ಇಂಥದೇ ಹೋಲಿಕೆಯನ್ನು ಮಾಡಿಕೊಂಡರು. ಅವರ ಮನೆಗೆ ಕುಟುಂಬವು ಅಡಿಪಾಯ, ಆತ್ಮವು ಕಂಬಗಳಲ್ಲೊಂದು. ಮಲೆನಾಡಿನ ಮಳೆಯನ್ನು ಕಂಡ ನಮಗೆ, ಒಂದು ಗೋಡೆ ಕುಸಿದ ಮನೆಯಲ್ಲಿ ಮಿಕ್ಕ ಮೂರರ ಗತಿಯೇನೆಂದು ಯಾರೂ ಹೇಳಿಕೊಡಬೇಕಾದದ್ದಿಲ್ಲ.

ದುಬ್ವಾ ಅವರು ಲೋಕದಲ್ಲಿ ಹೆಸರಾದದ್ದು ಮೈಲಿ ಹಾಕಿಸಿದ್ದರಿಂದಲ್ಲ, ಪುಸ್ತಕದಿಂದ. ಹಿಂದೂ ಜನರ ನಡೆ, ಆಚಾರ, ಕರ್ಮಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಬರೆದ ದೊಡ್ಡ ಗ್ರಂಥವನ್ನು ಮದ್ರಾಸಿನ ಗವರ್ನರರಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕರು ಕಂಪನಿಗೋಸ್ಕರ 2,000 ವರಹಗಳಿಗೆ ಕೊಂಡುಕೊಂಡರು. ಅದರ ಇಂಗ್ಲಿಷ್ ತರ್ಜುಮೆಯು ಲಂಡನಿನಲ್ಲಿ ಅಚ್ಚಾಗಿ ಬಹು ಕಾಲ ದೊರೆಗಳ ಕೈಪಿಡಿಯಾಗಿತ್ತು. ಆ ಗ್ರಂಥದ ದೊಡ್ಡ ಪಾಲು ಅವರಿಗಿಂತ ಮೊದಲು ಪುದುಚ್ಚೇರಿಯಲ್ಲಿದ್ದ ಕೆರ್ದೂ ಎಂಬ ಯೇಸುಸಭೆಯ ಗುರುಗಳ ಬರಹದಿಂದ ತೆಗೆದದ್ದೆಂದು ಇಪ್ಪತ್ತನೆಯ ಶತಮಾನದ ಕಡೆಯಲ್ಲಿ ಸಿಲ್ವಿಯಾ ಮೂರ್ ಎಂಬ ಪಂಡಿತೆಯು ತೋರಿಸಿಕೊಟ್ಟರು. ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಹೆಸರುಹೇಳದೆ ಕೊಯ್ದದ್ದು ಶೋಭೆಯಲ್ಲ. ಅಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ.

ನಮಗೆ ಹೆಚ್ಚು ಮುಖ್ಯವಾದದ್ದು ಆ ಪುಸ್ತಕದಲ್ಲಿ ಜಾತಿಯನ್ನು ಕುರಿತು ಬರೆದದ್ದು. ಜಾತಿಯೆಂಬ ಕಟ್ಟಳೆಯೇ ಈ ದೇಶವನ್ನು ಅನಾಗರಿಕತೆಯಲ್ಲಿ ಬೀಳದಂತೆ ಕಾಪಾಡಿತೆಂದು ದುಬ್ವಾ ಅವರು ಅದನ್ನು ಹೊಗಳಿದ್ದಾರೆ. ಕೆಳಗೆ ನಿಂತು ಅದನ್ನು ಹೊತ್ತವರನ್ನು ಕೇಳಿದ್ದರೆ ಬೇರೆ ಉತ್ತರವು ಸಿಕ್ಕುತ್ತಿತ್ತು. ಈ ಪತ್ರಿಕೆಯನ್ನು ಓದುವವರಲ್ಲಿ ಬಹು ಮಂದಿಯ ಅಜ್ಜಂದಿರು ಊರ ಬಾವಿಯ ಕಟ್ಟೆಯನ್ನು ಮುಟ್ಟಲಾರದೆ ಕೊಡವನ್ನು ಹಿಡಿದು ದೂರದಲ್ಲಿ ಕಾದವರು. ಅವರ ಮೊಮ್ಮಕ್ಕಳಾದ ನಾವು ಈ ಹೊಗಳಿಕೆಗೆ ಆಮೆನ್ ಹೇಳಲಾರೆವು. ವಿಚಿತ್ರವೇನಂದರೆ, ಪುಸ್ತಕದಲ್ಲಿ ಜಾತಿಯ ಬೇಲಿಯನ್ನು ಹೊಗಳಿದ ಕೈಯೇ ಹಳ್ಳಿಯಲ್ಲಿ ತೋಳಿನಿಂದ ತೋಳಿಗೆ ಮೈಲಿಯನ್ನು ದಾಟಿಸಿತು. ಆ 25,432 ತೋಳುಗಳ ಸರಪಣಿಯಲ್ಲಿ ಯಾವ ಮಗುವಿನ ರಸವು ಯಾವ ಮಗುವನ್ನು ಉಳಿಸಿತೆಂದು ಯಾರೂ ಈಗ ಹೇಳಲಾರರು.

ಇನ್ನು ಅವರ ಬಾಳಿನ ದುಃಖಕರವಾದ ಭಾಗ. ಮೂವತ್ತು ವರುಷ ದುಡಿದ ಮೇಲೆ ಅವರ ಮನಸ್ಸು ಒಣಗಿತು. ಹಿಂದೂಸ್ಥಾನದ ಜನರನ್ನು ಸತ್ಯಕ್ರೈಸ್ತರನ್ನಾಗಿ ಮಾಡುವದು ಮನುಷ್ಯರಿಂದ ಆಗದ ಕೆಲಸ, ಸತ್ಯವೇದವನ್ನು ಈ ದೇಶದ ಭಾಷೆಗಳಿಗೆ ತರ್ಜುಮೆಮಾಡುವದು ವ್ಯರ್ಥ, ಎಂಬ ಅಭಿಪ್ರಾಯದ ಪತ್ರಗಳನ್ನು ಬರೆದು 1823ರಲ್ಲಿ ಲಂಡನಿನಲ್ಲಿ ಅಚ್ಚುಹಾಕಿಸಿದರು. ಪ್ರೊಟೆಸ್ಟಂಟ್ ಮಿಶನುಗಳವರಿಗೆ ಇದರಿಂದ ಬಹಳ ನೋವಾಯಿತು. ಮದ್ರಾಸಿನ ಕಡೆಯಲ್ಲಿ ಚಾಪ್ಲಿನರಾಗಿದ್ದ ಜೇಮ್ಸ್ ಹಫ್ ಅವರೂ ಬಂಗಾಳದಲ್ಲಿ ಕೆಲಸಮಾಡಿದ ಹೆನ್ರಿ ಟೌನ್‌ಲಿ ಅವರೂ 1824ರಲ್ಲಿ ಪುಸ್ತಕಗಳನ್ನೇ ಬರೆದು ಉತ್ತರಕೊಟ್ಟರು. ಅದೇ ವರುಷಗಳಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡ ಸತ್ಯವೇದದ ಒಂದೊಂದು ವಚನವನ್ನೂ ತೂಗಿ ನೋಡುತ್ತಾ ಕೂತಿದ್ದರು. 1831ರಲ್ಲಿ ಇಡೀ ಗ್ರಂಥವು ಅಚ್ಚಾಗಿ ಹೊರಬಂತು.

ದುಬ್ವಾ ಅವರು ಹೀಗೆ ಯಾಕೆ ನಿರಾಶರಾದರು? ವಾದದ ಪುಸ್ತಕಗಳನ್ನು ಬಿಟ್ಟು ಮನುಷ್ಯನನ್ನು ನೋಡಿದರೆ ನಮಗೆ ಒಂದು ಕಾರಣವು ಕಾಣುತ್ತದೆ. ಪ್ರವಾದಿಯಾದ ಎಲೀಯನು ಕರ್ಮೆಲಿನ ಜಯದ ಮರುದಿನವೇ ಅಡವಿಯ ಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡನು. ತಾನೊಬ್ಬನೇ ಉಳಿದಿದ್ದೇನೆಂಬದು ಅವನ ಲೆಕ್ಕ. ದೇವರ ಲೆಕ್ಕದಲ್ಲಿ ಏಳು ಸಾವಿರ ಮಂದಿಯಿದ್ದರು. ದೇವರು ಆತನಿಗೆ ಮೊದಲು ಉಪದೇಶವನ್ನು ಕೊಡಲಿಲ್ಲ, ರೊಟ್ಟಿಯನ್ನೂ ನೀರನ್ನೂ ನಿದ್ರೆಯನ್ನೂ ಕೊಟ್ಟನು. ಮೂವತ್ತು ವರುಷ ಸ್ವದೇಶದವರ ಸಂಗವಿಲ್ಲದೆ, ಒಳಗಿನ ಅಸಹ್ಯವನ್ನು ಯಾರಿಗೂ ತೋರಿಸದೆ, ಮನಸ್ಸಿಲ್ಲದ ಊಟವನ್ನು ಉಂಡುಕೊಂಡು ಬಾಳಿದ ಮನುಷ್ಯನ ಆತ್ಮಕ್ಕೆ ಬೇನೆ ಹಿಡಿದರೆ ಆಶ್ಚರ್ಯವೇನು? ಸಾವಿರಾರು ಮಕ್ಕಳ ಮೈಯನ್ನು ಕಾಯ್ದವರಿಗೆ ತಮ್ಮ ಒಳಗಣ ದಣಿವಿಗೆ ಮದ್ದು ಸಿಕ್ಕಲಿಲ್ಲ. ಜನರು ತಮ್ಮ ಮೇಲೆ ಇಟ್ಟ ನಂಬಿಕೆಯನ್ನು ಅವರು ಕಂಡರು. ತಾವು ಜನರ ಮೇಲೆ ನಂಬಿಕೆಯನ್ನಿಡಲು ಅವರಿಂದಾಗಲಿಲ್ಲ.

1823ರ ಜನವರಿಯಲ್ಲಿ ಅವರು ಮದ್ರಾಸಿನಿಂದ ಹಡಗನ್ನು ಹತ್ತಿದರು. ಕಂಪನಿಯವರು ಪ್ರಯಾಣದ ವೆಚ್ಚವನ್ನು ಕೊಟ್ಟು, ಬದುಕಿರುವ ತನಕ ವೇತನವನ್ನೂ ಗೊತ್ತುಮಾಡಿದರು. ಪ್ಯಾರಿಸಿನಲ್ಲಿ ತಮ್ಮ ಸಂಘದ ಮನೆಯನ್ನು ಸೇರಿ, ಪರದೇಶಗಳಿಗೆ ಹೋಗುವ ತರುಣರನ್ನು ಸಿದ್ಧಮಾಡುವ ಕೆಲಸದಲ್ಲಿ ನಿಂತರು. 1836ರಿಂದ 1839ರ ವರೆಗೆ ಆ ಸಂಘದ ಮುಖ್ಯಸ್ಥರಾಗಿದ್ದರು. ಪರಿವರ್ತನೆಯೇ ಆಗದೆಂದು ಬರೆದವರು ಪರಿವರ್ತನೆಗೋಸ್ಕರ ಹೋಗುವವರನ್ನು ಆಶೀರ್ವದಿಸಿ ಕಳುಹಿಸುತ್ತಿದ್ದರು! ಬಿಡುವಿನಲ್ಲಿ ನಮ್ಮ ದೇಶದ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿ 1826ರಲ್ಲಿ ಪ್ರಕಟಿಸಿದರು. ಜಗಲಿಯ ಮೇಲೆ ಕೂತು ಕೇಳಿದ ನರಿ, ಕಾಗೆ, ಆಮೆಗಳ ಕಥೆಗಳು ಅವರನ್ನು ಪ್ಯಾರಿಸಿನ ತನಕವೂ ಬಿಡಲಿಲ್ಲವೆಂದು ಕಾಣುತ್ತದೆ.

1848ರ ಫೆಬ್ರವರಿ 17ರಂದು ಅವರು ತೀರಿಕೊಂಡರು. ಆಗ ಅವರಿಗೆ ಎಂಬತ್ತು ದಾಟಿತ್ತು. ಒಂದು ಕ್ರಾಂತಿಯಿಂದ ತಪ್ಪಿಸಿಕೊಂಡು ದೇಶವನ್ನು ಬಿಟ್ಟವರು, ಇನ್ನೊಂದು ಕ್ರಾಂತಿಯು ಅದೇ ಪಟ್ಟಣದ ಬೀದಿಗಳಲ್ಲಿ ಏಳುವದಕ್ಕೆ ಐದಾರು ದಿನಗಳ ಮುಂಚೆ ಕಣ್ಣುಮುಚ್ಚಿದರು.

ಅವರು ಹಳ್ಳಿಯ ಜಗಲಿಗಳಲ್ಲಿ ಎದುರಿಸಿದ ಬೇನೆಯು 1975ರಲ್ಲಿ ಹಿಂದೂಸ್ಥಾನದಿಂದ ಕಡೆಯ ಸಾರಿ ಹೊರಟುಹೋಯಿತು. 1980ರ ಮೇ ತಿಂಗಳಲ್ಲಿ ಲೋಕದಲ್ಲೆಲ್ಲಿಯೂ ಅದು ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಎಡದ ತೋಳಿನ ಮೇಲೆ ಹಳೆಯ ಮೈಲಿಯ ಗುರುತಿರುವ ಅಜ್ಜ ಅಜ್ಜಿಯರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ಮೊಮ್ಮಕ್ಕಳು ಅದೇನೆಂದು ಕೇಳುತ್ತವೆ.

ದುಬ್ವಾ ಅವರ ಗ್ರಂಥವನ್ನು ಹೊಸದಾಗಿ ತರ್ಜುಮೆಮಾಡಿ 1897ರಲ್ಲಿ ಹೊರತಂದ ಹೆನ್ರಿ ಬೋಚಂಪ್ ಎಂಬವರು, ಅವರನ್ನು ಕುರಿತು ಈ ಸೀಮೆಯಲ್ಲಿ ವಿಚಾರಿಸಿದರು. ಅವರು ಬಿಟ್ಟುಹೋಗಿ ಎಪ್ಪತ್ತು ವರುಷಗಳು ದಾಟಿದ್ದವು. ಅವರನ್ನು ಕಣ್ಣಾರೆ ಕಂಡವರು ಉಳಿದಿರುವ ಸಂಭವವು ಬಹು ಕಡಿಮೆ. ಆದರೂ ಮೈಸೂರಿನ ಕ್ರೈಸ್ತರು ಅವರನ್ನು ದುಬ್ವಾ ಎಂಬ ಹೆಸರಿನಿಂದ ಹೇಳುತ್ತಿರಲಿಲ್ಲ; ದೊಡ್ಡ ಸ್ವಾಮಿಯವರು ಎಂದೇ ಹೇಳುತ್ತಿದ್ದರು.